ನಾನು ನೋಡದ ಮೆಟ್ಟಿಲು

ನಮ್ಮ ಆಫೀಸಿನಿಂದ ಹೊರಬಿದ್ದ ಯಾವ ಡ್ರಾಯಿಂಗನ್ನಾದರೂ ತೆಗೆದು ನೋಡಿ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಮೂರು ಸಣ್ಣ ಮನೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮೊದಲ ಮನೆಯಲ್ಲಿ ಅಕ್ಷರಗಳು ಬದಲಾಗುತ್ತಲೇ ಇರುತ್ತವೆ. ಬರೆಯುವವರು ಬರುತ್ತಾರೆ, ಕಲಿಯುತ್ತಾರೆ, ಇನ್ನೂ ಒಳ್ಳೆಯ ಕಡೆ ಹೋಗುತ್ತಾರೆ. ಮೂರನೆಯದು ಯಜಮಾನರದು, ಅವರು ಒಪ್ಪುವುದೆಂದರೆ ಕಾಫಿ ಲೋಟ ಕೆಳಗಿಡದೆ ಒಪ್ಪುವುದು. ನಡುವಿನ ಮನೆ ನನ್ನದು. ಅಲ್ಲಿರುವ ಎರಡು ಇಂಗ್ಲಿಷ್ ಅಕ್ಷರ ನನ್ನವು. ನಾನೀಗ ಹೇಳಹೊರಟಿರುವುದು ಆ ಎರಡು ಅಕ್ಷರಕ್ಕಾಗಿ ಆದ ಜಗಳವನ್ನು.

ನಮ್ಮ ಕಂಪನಿ ಇರುವುದು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ದೊಡ್ಡ ಫ್ಯಾಕ್ಟರಿಗಳ ಬೆನ್ನಿಗೆ, ರಸ್ತೆ ಮುಗಿಯುವ ಕಡೆ. ಮುಂದೆ ಆಫೀಸು, ಹಿಂದೆ ಶೆಡ್ಡು. ಅಕ್ಕಿ ಗಿರಣಿಗಳಿಗೆ ಭತ್ತ ಸುರಿಯುವ ಹಾಪರ್, ಅಂದರೆ ತಗಡಿನ ದೊಡ್ಡ ಲಾಳಿಕೆ, ಅದರ ಪಕ್ಕ ನಿಲ್ಲಲು ಅಟ್ಟಣಿಗೆ, ಅಟ್ಟಣಿಗೆಗೆ ಕಬ್ಬಿಣದ ಮೆಟ್ಟಿಲು, ಇಂಥವನ್ನೆಲ್ಲ ನಾವು ಮಾಡಿಕೊಡುತ್ತೇವೆ. ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗು ಬರೆಯುತ್ತಾರೆ. ಶೆಡ್ಡಿನಲ್ಲಿ ಅದನ್ನು ನೋಡಿಕೊಂಡು ಕತ್ತರಿಸಿ ಬೆಸೆಯುತ್ತಾರೆ. ನಾನು ಟಿ. ನರಸೀಪುರದಿಂದ ಬಸ್ಸು ಹತ್ತಿ ಬರುವವಳು. ಐಟಿಐ ಮುಗಿಸಿ ಬರೆಯುವ ಕೆಲಸಕ್ಕೆ ಸೇರಿದವಳು ಆಮೇಲೆ ನೋಡುವ ಕೆಲಸಕ್ಕೆ ಬಡ್ತಿ ಪಡೆದೆ. ನೋಡುವುದೂ ಒಂದು ಕೆಲಸವೇ ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಇವತ್ತಿಗೂ ಅರ್ಥವಾಗಿಲ್ಲ. ಪಕ್ಕದ ಮನೆಯವರು ನಾನು ಟೈಪಿಸ್ಟ್ ಅಂದುಕೊಂಡಿದ್ದಾರೆ.

ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹಿರಿಯರು ಹಾಕಿಕೊಟ್ಟ ಕ್ರಮ ಅದು. ಡ್ರಾಯಿಂಗನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು. ಒಂದೊಂದು ಅಳತೆಯನ್ನೂ ಲೆಕ್ಕ ಹಾಕಿ, ಸರಿ ಇದ್ದರೆ ಅದರ ಮೇಲೆ ಹಳದಿ ಸ್ಕೆಚ್ ಪೆನ್ನು ಎಳೆಯಬೇಕು, ತಪ್ಪಿದ್ದರೆ ಕೆಂಪು. ನೋಡಿ ಮುಗಿಸುವ ಹೊತ್ತಿಗೆ ಕಾಗದಕ್ಕೆ ಅರಿಸಿನ ಹಚ್ಚಿದ ಹಾಗೆ ಆಗಿರಬೇಕು, ಒಂದು ಅಳತೆಯೂ ಬಿಳಿ ಉಳಿಯಬಾರದು. ಆಮೇಲೆ ಕಂಪ್ಯೂಟರಿಗೆ ಹೋಗಿ ನಡುವಿನ ಮನೆಯಲ್ಲಿ ಎರಡಕ್ಷರ ಟೈಪು ಮಾಡಬೇಕು. ಆ ಹಿರಿಯರು ಹೆಚ್ಚು ಮಾತನಾಡುತ್ತಿರಲಿಲ್ಲ. "ನೋಡಿದ್ರೆ ಆಕವ್ವ, ನೋಡ್ದಿದ್ರೆ ಆಕ್ಬೇಡ, ಅಷ್ಟೆಯ" ಎಂದಿದ್ದರು. ನನಗೆ ಅವರು ಕೊಟ್ಟ ಟ್ರೈನಿಂಗು ಅಷ್ಟೇ.

ಯಜಮಾನರ ಅಳಿಯ ಆಫೀಸಿಗೆ ಬರತೊಡಗಿದ ಮೇಲೆ ಎಲ್ಲವೂ ಚುರುಕಾಯಿತು. ಮೈಸೂರಿನವರು, ಇಂಜಿನಿಯರು, ಮೂವತ್ತು ದಾಟಿದ ವಯಸ್ಸು. ಅಳಿಯ ಅಂದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ಅವರಿಗೇ ಮುಜುಗರವಾಗಿ ಕೂತ್ಕೊಳ್ಳಿ ಕೂತ್ಕೊಳ್ಳಿ ಎನ್ನುತ್ತಾ ಒಳಗೆ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಆತುರ. ಅವರು ಎಐಗೆ ಹೇಳಿ ಮ್ಯಾಕ್ರೋ ಬರೆಸಲು ಶುರು ಮಾಡಿದರು. ಮ್ಯಾಕ್ರೋ ಎಂದರೆ ಡ್ರಾಯಿಂಗ್ ಸಾಫ್ಟ್‌ವೇರಿಗೆ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಬರೆದುಕೊಟ್ಟ ಆಜ್ಞೆಗಳ ಸಾಲು. ಹಾಪರ್ ಎಷ್ಟು ಅಗಲ, ಎಷ್ಟು ಎತ್ತರ ಎಂದು ತುಂಬಿ ಗುಂಡಿ ಒತ್ತಿದರೆ ಡ್ರಾಯಿಂಗು ತಾನೇ ತಾನಾಗಿ ಎದ್ದು ಕೂರುತ್ತದೆ.

ಮೊದಲ ಸಲ ಅದನ್ನು ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮವರು ಒಂದು ವಾರ ಕೂತು ಬರೆಯುತ್ತಿದ್ದುದನ್ನು ಅದು ಊಟದ ಹೊತ್ತಿಗೆ ಮುಗಿಸಿತ್ತು. ಗೆರೆಗಳು ನೇರ, ಅಕ್ಷರಗಳು ಸಾಲಾಗಿ, ಕಣ್ಣಿಗೆ ಹಬ್ಬ. ಯಂತ್ರ ಕಂಡರೆ ಆಗದವಳು ಎಂದು ನನ್ನನ್ನು ಯಾರಾದರೂ ಅಂದುಕೊಂಡಿದ್ದರೆ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿ. ಮಿಕ್ಸಿ ಬಂದಾಗ ಒರಳುಕಲ್ಲನ್ನು ಹಿತ್ತಲಿಗೆ ಸಾಗಿಸಿದವಳು ನಾನೇ.

"ಇದನ್ನ ಚೆಕ್ ಮಾಡೋದು ಯಾರು?" ಎಂದು ಕೇಳಿದೆ.

"ಡ್ರಾಯಿಂಗ್ ತಾನೆ ಮೇಡಂ? ನೀವೇ" ಎಂದರು ಅಳಿಯಂದಿರು.

"ಡ್ರಾಯಿಂಗ್ ಅಲ್ಲ, ಈ ಮ್ಯಾಕ್ರೋ. ಇದೇ ತಪ್ಪಿದ್ರೆ ಬರೋ ಡ್ರಾಯಿಂಗೆಲ್ಲ ತಪ್ಪಲ್ವಾ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಸರಿ ಅದನ್ನೂ ನೀವೇ ನೋಡಿ ಎಂದುಬಿಟ್ಟರು. ನನಗೆ ಪ್ರೋಗ್ರಾಮಿಂಗು ಬರುತ್ತಿರಲಿಲ್ಲ. ಕಲಿಸಿದ್ದು ಅರ್ಧ ಅಳಿಯಂದಿರು, ಇನ್ನರ್ಧ ಆ ಎಐಯೇ. ಮ್ಯಾಕ್ರೋವನ್ನು ಕಾಗದಕ್ಕೆ ಇಳಿಸಿಕೊಂಡು, ತಿಳಿಯದ ಸಾಲನ್ನು ಅದಕ್ಕೇ ಟೈಪು ಮಾಡಿ, ಇದು ಏನು ಮಾಡುತ್ತದೆ ಎಂದು ಕೇಳುತ್ತಿದ್ದೆ. ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತಿತ್ತು. ಆದರೆ ಅದು ಹೇಳಿದ ಮಾತ್ರಕ್ಕೆ ನಾನು ಹಳದಿ ಎಳೆಯುತ್ತಿರಲಿಲ್ಲ. ಒಂದು ಪುಟ್ಟ ಡಬ್ಬಿಯ ಡ್ರಾಯಿಂಗು ಮಾಡಿಸಿ, ಆ ಸಾಲು ಹೇಳಿದ ಕೆಲಸವನ್ನೇ ಮಾಡಿದೆಯೇ ಎಂದು ಅಳೆದು ನೋಡಿ, ಆಮೇಲೆ ಹಳದಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಅಲ್ಲಿಯೂ ಕಾಗದ ಬಿಚ್ಚುತ್ತಿದ್ದೆ. ಕಂಡಕ್ಟರ್ ಒಂದು ದಿನ "ಏನಕ್ಕ, ಮಕ್ಳ ಪರೀಕ್ಷೆ ಪೇಪರಾ?" ಎಂದು ಕೇಳಿದ್ದ. ಹೂಂ ಎಂದಿದ್ದೆ.

ಹಾಗೆ ನೋಡುವಾಗ ಒಂದು ಸಾಲು ಸಿಕ್ಕಿತು. ಮ್ಯಾಕ್ರೋದ ಆರಂಭದಲ್ಲೇ, ಬಾಗಿಲಲ್ಲೇ ಕೂತಿತ್ತು. ಎಲ್ಲಿಯಾದರೂ ತಪ್ಪು ಎದುರಾದರೆ ನಿಲ್ಲಬೇಡ, ಮುಂದಿನ ಸಾಲಿಗೆ ಹೋಗು ಎನ್ನುವುದು ಅದರ ಅರ್ಥ. ಅಂದರೆ ಒಂದು ಅಳತೆ ಸಿಗಲಿಲ್ಲವೋ, ಹಿಂದಿನ ಡ್ರಾಯಿಂಗಿನ ಅಳತೆಯನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ, ಬೀಪ್ ಎನ್ನುವುದಿಲ್ಲ. ನಾನು ಅದರ ಮೇಲೆ ಎರಡೆರಡು ಸಲ ಕೆಂಪು ಎಳೆದೆ.

"ಅದಿಲ್ಲದಿದ್ರೆ ಸಣ್ಣಪುಟ್ಟದಕ್ಕೆಲ್ಲ ನಿಂತುಬಿಡುತ್ತೆ ಮೇಡಂ" ಎಂದು ಅಳಿಯಂದಿರು ನಕ್ಕರು.

"ನಿಲ್ಲಲಿ. ತಪ್ಪು ಮಾಡಿದವರು ನಿಲ್ಲಬೇಕಪ್ಪ."

ವಾದ ಅರ್ಧ ದಿನ ನಡೆಯಿತು. ಕೊನೆಗೆ ಆ ಸಾಲು ತೆಗೆದರು. ತೆಗೆದದ್ದೇ ತಡ, ಮ್ಯಾಕ್ರೋ ಮೂರು ಕಡೆ ಮುಗ್ಗರಿಸಿ ನಿಂತಿತು. ಅಷ್ಟು ದಿನವೂ ಅಲ್ಲೆಲ್ಲ ಸದ್ದಿಲ್ಲದೆ ದಾಟಿಕೊಂಡು ಹೋಗುತ್ತಿತ್ತು ಎಂದಾಯಿತು. ನನಗೆ ಗೆದ್ದ ಹಮ್ಮು ಬಂತು. ಆದರೆ ಅದೇ ವಾರ ಇನ್ನೊಂದು ಸಾಲಿಗೆ ನಾನು ಕೆಂಪು ಎಳೆದಿದ್ದು ಪೂರಾ ನನ್ನದೇ ತಪ್ಪು ಎಂದು ಅವರು ಅಳೆದು ತೋರಿಸಿದರು. ಹೀಗೆ ಅವರೊಂದು, ನಾನೊಂದು. ನಮ್ಮಿಬ್ಬರ ನಡುವೆ ಒಂದು ಥರದ ಸ್ನೇಹವೇ ಆಯಿತು ಎನ್ನಬೇಕು.

ಆಮೇಲೆ ಕೊಯ್ಲು ಹತ್ತಿರವಾಯಿತು. ಭತ್ತ ಬರುವ ಮುಂಚೆ ಗಿರಣಿಗಳವರಿಗೆ ಎಲ್ಲವೂ ಒಟ್ಟಿಗೆ ಬೇಕು. ಯಜಮಾನರ ಫೋನು ಕಿವಿ ಬಿಟ್ಟು ಇಳಿಯುತ್ತಿರಲಿಲ್ಲ. ಬೇಗ ಬೇಗ ಎನ್ನುವುದನ್ನು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ. ಆ ಗಡಿಬಿಡಿಯಲ್ಲಿ ಒಂದು ದಿನ ಶೆಡ್ಡಿನ ಮೇಸ್ತ್ರಿ ಒಂದು ಡ್ರಾಯಿಂಗು ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಅಕ್ಕೋ, ಇದ್ರಲ್ಲಿರೋ ಚಾನಲ್ ಕಬ್ಣ ಸ್ಟಾಕಿಲ್ಲ. ಒಂದ್ ಸೈಜ್ ದೊಡ್ದು ಆಕ್ಬುಡ್ಲಾ?"

ಡ್ರಾಯಿಂಗು ಕೈಗೆ ತೆಗೆದುಕೊಂಡೆ. ಕಬ್ಬಿಣದ ಮೆಟ್ಟಿಲಿನದು. ಅಕ್ಕಿ ಗಿರಣಿಯ ಅಟ್ಟಣಿಗೆಗೆ ಹತ್ತುವ ಮೆಟ್ಟಿಲು. ಚಂದವಾಗಿತ್ತು. ನಾನು ಅದನ್ನು ಜೀವಮಾನದಲ್ಲಿ ನೋಡಿರಲಿಲ್ಲ. ಕೆಳಮೂಲೆಗೆ ಕಣ್ಣು ಹೋಯಿತು. ನಡುವಿನ ಮನೆಯಲ್ಲಿ ನನ್ನ ಎರಡಕ್ಷರ, ಪಕ್ಕದಲ್ಲಿ ತಾರೀಖು.

ನಾನು ನೋಡಿ ಮರೆತುಬಿಟ್ಟೆನೇ ಎಂದು ಮೊದಲು ಅನ್ನಿಸಿತು. ಡ್ರಾಯರು ಎಳೆದು ಹಳದಿ ಕಾಗದಗಳನ್ನೆಲ್ಲ ಹುಡುಕಿದೆ. ಇಲ್ಲ. ಆ ತಾರೀಖಿಗೆ ನಾನು ಆಫೀಸಿಗೇ ಬಂದಿರಲಿಲ್ಲ, ಓರಗಿತ್ತಿಯ ಮಗಳ ನಿಶ್ಚಿತಾರ್ಥಕ್ಕೆ ರಜೆ ಹಾಕಿದ್ದೆ. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ನಮ್ಮ ಸೀರೆಯನ್ನೇ ಯಾರೋ ಉಟ್ಟುಕೊಂಡು ಓಡಾಡುತ್ತಿರುವುದನ್ನು ನೋಡಿದರೆ ಹೇಗಾಗುತ್ತದೆ, ಹಾಗಾಯಿತು.

ಅಳಿಯಂದಿರ ಮುಂದೆ ಡ್ರಾಯಿಂಗು ಇಟ್ಟೆ. ಅವರಿಗೂ ಆಶ್ಚರ್ಯವಾಯಿತು, ಅದು ನಟನೆಯಲ್ಲ. ಆತುರಕ್ಕೆ ಮೆಟ್ಟಿಲಿನ ಮ್ಯಾಕ್ರೋವನ್ನು ನನಗೆ ತೋರಿಸದೆ ಓಡಿಸಿದ್ದು ನಿಜ, ಅಕ್ಷರ ಮಾತ್ರ ತಾವು ಹಾಕಿಸಿದ್ದಲ್ಲ ಎಂದರು. ಇಬ್ಬರೂ ಕೂತು ಮ್ಯಾಕ್ರೋ ತೆರೆದೆವು. ಕೊನೆಯ ಕಡೆ ಒಂದು ಸಾಲಿತ್ತು: ನಡುವಿನ ಮನೆಯಲ್ಲಿ ಈ ಎರಡು ಅಕ್ಷರ ತುಂಬು, ಇವತ್ತಿನ ತಾರೀಖು ತುಂಬು. ಎಐಯನ್ನೇ ಕೇಳಿದೆವು. ನಮ್ಮ ಹಳೆಯ ಡ್ರಾಯಿಂಗುಗಳ ಹಾಗೆಯೇ ಇರಲಿ ಎಂದು ಅದಕ್ಕೆ ಹೇಳಿ, ಅಳಿಯಂದಿರು ಮಾದರಿಗೆ ಒಂದು ಕಂತೆ ಕೊಟ್ಟಿದ್ದರಂತೆ. ಅದು ತಪ್ಪೊಪ್ಪಿಕೊಂಡು ಹೇಳಿತು: ಕೊಟ್ಟ ಎಲ್ಲ ಡ್ರಾಯಿಂಗುಗಳಲ್ಲೂ ಆ ಜಾಗದಲ್ಲಿ ಅದೇ ಅಕ್ಷರಗಳಿದ್ದವು, ಆದ್ದರಿಂದ ಅವು ಚೌಕಟ್ಟಿನ ಭಾಗವೆಂದು ತಿಳಿದೆ, ಕ್ಷಮಿಸಿ.

ಇಷ್ಟು ವರ್ಷ ಒಂದನ್ನೂ ಬಿಡದೆ ನೋಡಿದ್ದಕ್ಕೆ ಸಿಕ್ಕಿದ್ದು ಇದು. ಒಂದೆರಡು ಡ್ರಾಯಿಂಗಿನಲ್ಲಾದರೂ ನನ್ನ ಅಕ್ಷರ ತಪ್ಪಿಹೋಗಿದ್ದರೆ ಅಲ್ಲೊಂದು ಮನುಷ್ಯಜೀವ ಇದೆ ಎಂದು ಆ ಯಂತ್ರಕ್ಕೆ ಗೊತ್ತಾಗುತ್ತಿತ್ತೇನೋ. ತಪ್ಪಲಿಲ್ಲವಾದ್ದರಿಂದ ನಾನು ಚೌಕಟ್ಟಾಗಿದ್ದೆ. ಆದರೂ ಒಂದು ಮಾತು ಹೇಳಬೇಕು, ಅವತ್ತು ಇಡೀ ಆಫೀಸಿನಲ್ಲಿ ನನ್ನ ಹತ್ತಿರ ಕ್ಷಮೆ ಕೇಳಿದ್ದು ಅದೊಂದೇ.

ಕಾಗದ ಹರಡಿಕೊಂಡು ಹಳದಿ ಪೆನ್ನಿನ ಮುಚ್ಚಳ ತೆಗೆದೆ. ಅಗಲ ಸರಿ. ಹಿಡಿಕಂಬಿ ಸರಿ. ಮೆಟ್ಟಿಲುಗಳ ಎತ್ತರ ಕೂಡುತ್ತಾ ಹೋದೆ, ಒಂದೊಂದಕ್ಕೂ ಹಳದಿ ಎಳೆಯುತ್ತಾ. ಅಟ್ಟಣಿಗೆ ಹತ್ತಿರ ಬಂದಾಗ ಕೈ ನಿಂತಿತು. ಎಲ್ಲ ಮೆಟ್ಟಿಲೂ ಒಂದೇ ಎತ್ತರ, ಕೊನೆಯ ಹೆಜ್ಜೆ ಮಾತ್ರ ಮಿಕ್ಕವಕ್ಕಿಂತ ನಾಲ್ಕು ಬೆರಳು ಹೆಚ್ಚು. ಒಂದು ಮೆಟ್ಟಿಲು ಇಷ್ಟು ಎತ್ತರ ಇರಲಿ ಎಂದು ಹೇಳಿದ್ದರು, ಮ್ಯಾಕ್ರೋ ವಿಧೇಯವಾಗಿ ಹಾಗೇ ಜೋಡಿಸಿತ್ತು. ಕೊನೆಗೆ ಉಳಿದದ್ದನ್ನು ಎಲ್ಲ ಮೆಟ್ಟಿಲಿಗೂ ಹಂಚು ಎಂದು ಯಾರೂ ಹೇಳಿರಲಿಲ್ಲ. ಉಳಿದದ್ದೆಲ್ಲ ಮೇಲಿನ ಹೆಜ್ಜೆಗೆ ಬಿದ್ದಿತ್ತು.

ಮೂಟೆ ಹೊತ್ತವರಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಮೊದಲ ಎರಡು ಮೆಟ್ಟಿಲಿಗೆ ಕಾಲು ಲೆಕ್ಕ ಹಿಡಿದುಕೊಳ್ಳುತ್ತದೆ, ಆಮೇಲೆ ಅದೇ ಲೆಕ್ಕದಲ್ಲಿ ಏರುತ್ತದೆ. ಕೊನೆಯಲ್ಲಿ ಲೆಕ್ಕ ತಪ್ಪಿದರೆ ಬೀಳುವುದು ಕೆಳಕ್ಕೆ, ಮೂಟೆ ಅವರ ಮೇಲಕ್ಕೆ.

"ಇಂಥವು ಎಷ್ಟು ಮಾಡಿದ್ರಿ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಒಂದು ಆಗ್ಲೇ ಓಯ್ತಲ್ಲಕ್ಕ. ಬನ್ನೂರ್ ಕಡೆ ಮಿಲ್ಲಿಗೆ. ಮೊನ್ನೆ ಲಾರೀಲಿ ಕಳ್ಸಿ ಕೂರ್ಸೂ ಬಂದ್ವಿ. ಇದು ಎರಡನೇದು." ಆಮೇಲೆ ಅವರ ಮುಖ ಬಾಡಿತು. "ನಿಮ್ಮ ಅಕ್ಷರ ಇತ್ತಲ್ಲ ಅಂತ ನಾನು ಅಳ್ದೇ ನೋಡ್ನಿಲ್ಲ."

ನನ್ನನ್ನು ಚುಚ್ಚಿದ್ದು ಆ ಮಾತು. ಸಿಟ್ಟಿನ ಜೊತೆ ಹೆದರಿಕೆಯೂ ಬಂದದ್ದು ಆಗಲೇ. ಬನ್ನೂರಿನಲ್ಲಿ ಯಾರೋ ಮೂಟೆ ಹೊತ್ತು ನನ್ನ ಮಾತಿನ ಮೇಲೆ ಹತ್ತುತ್ತಿದ್ದಾರೆ, ನಾನು ಆ ಮಾತು ಆಡಿಯೇ ಇಲ್ಲ.

ಯಜಮಾನರ ರೂಮಿಗೆ ಹೋದೆ. ಅಳಿಯಂದಿರೂ ಹಿಂದೆ ಬಂದರು. ನಾನು ಆಫೀಸಿನಲ್ಲಿ ಸಾಧಾರಣವಾಗಿ ಒತ್ತಿ ಒತ್ತಿ ಶುದ್ಧವಾಗಿ ಮಾತಾಡುವವಳು. ಸಿಟ್ಟು ಬಂದರೆ ಮಾತ್ರ ನರಸೀಪುರ ಬಾಯಿಗೆ ಬಂದುಬಿಡುತ್ತದೆ.

"ಸಾ, ನಾನ್ ನೋಡ್ದೇ ಇರೋ ಮೆಟ್ಲಿಗೆ ನನ್ ಅಕ್ಷರ ಆಕವ್ರೆ. ಬನ್ನೂರಲ್ಲಿ ಕೂರ್ಸೂ ಬುಟ್ಟವ್ರೆ. ಈಗ್ಲೇ ಫೋನ್ ಮಾಡಿ, ಯಾರೂ ಅತ್ಬೇಡಿ ಅನ್ನಿ."

ಯಜಮಾನರು ಪೂರಾ ಕೇಳಿಸಿಕೊಂಡರು. ವಿಭೂತಿ ಹಚ್ಚಿದ ಹಣೆ ಉಜ್ಜಿಕೊಂಡರು. "ನಾಕ್ ಬೆರಳು ತಾನೆ ಕಣವ್ವ? ಕೆಳಗಡೆ ಒಂದ್ ಪ್ಲೇಟ್ ಕೊಟ್ಟು ಎತ್ತಿಬಿಟ್ರೆ ಆಯ್ತು. ಅದಕ್ಯಾಕೆ ಗಿರಣಿಯೋರ ಮುಂದೆ ಮಾನ ಕಳ್ಕೋಬೇಕು?"

"ಕೆಳಗೆ ಎತ್ತಿದ್ರೆ ಮೊದ್ಲನೇ ಹೆಜ್ಜೆ ನಾಕ್ ಬೆರಳು ಹೆಚ್ಚಾಯ್ತದೆ ಸಾ. ಮೇಲ್ಗಡೆ ತಪ್ಪು ಕೆಳಕ್ಕೆ ಬತ್ತದೆ, ಅಷ್ಟೆಯ."

ಅಳಿಯಂದಿರು ನಗು ತಡೆದುಕೊಂಡರು. ಅದು ಯಜಮಾನರಿಗೆ ಇನ್ನೂ ಕೋಪ ತರಿಸಿತು. "ಸರಿ, ಮೆಟ್ಲು ನೋಡ್ಕೋತೀವಿ. ಅಕ್ಷರದ್ದೇನು ರಂಪ? ನೀನು ಇದ್ದಿದ್ರೂ ಅದೇ ಅಕ್ಷರ ತಾನೆ ಹಾಕ್ತಿದ್ದೆ?"

"ಇಲ್ಲ ಸಾ. ನಾನು ನೋಡಿದ್ದಿದ್ರೆ ಆ ಅಕ್ಷರ ಬೀಳ್ತಾನೇ ಇರ್ಲಿಲ್ಲ. ಕೆಂಪು ಬೀಳ್ತಿತ್ತು."

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ, ಅಷ್ಟು ವರ್ಷದಲ್ಲಿ ನಾನು ಕೇಳದಿದ್ದ ದನಿಯಲ್ಲಿ ಹೇಳಿದರು: ಈ ಸೀಸನ್ನು ಮುಗಿಯುವವರೆಗೆ ಅಕ್ಷರ ಹೀಗೇ ಮ್ಯಾಕ್ರೋದಿಂದಲೇ ಬೀಳುತ್ತದೆ, ಎಲ್ಲಕ್ಕೂ ನೀನು ಬಣ್ಣ ಬಳಿಯುತ್ತಾ ಕೂತರೆ ಭತ್ತ ಬೇರೆಯವರ ಪಾಲಾಗುತ್ತದೆ, ಇಷ್ಟವಿಲ್ಲದಿದ್ದರೆ ಮನೆಯಲ್ಲಿ ಇರು.

"ಮನೇಲಿ ಇರ್ತೀನಿ ಸಾ. ಆದ್ರೆ ನಾನು ಓಗ್ಬುಟ್ರೆ ಅಕ್ಷರಾನೂ ನನ್ ಜೊತೆ ಬತ್ತದೆ. ಇಲ್ಲಿ ಬಿಟ್ಟು ಓಗೋಕೆ ಅದೇನು ಟಿಫಿನ್ ಬಾಕ್ಸಾ?"

ಬ್ಯಾಗು ತೆಗೆದುಕೊಂಡು ಹೊರಟೆ. ಗೇಟು ದಾಟುವವರೆಗೆ ಬಹಳ ಧೈರ್ಯವಾಗಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ತಿಂಗಳ ಖರ್ಚಿನ ಲೆಕ್ಕ ಹಾಕತೊಡಗಿದೆ. ಐವತ್ತರ ಹತ್ತಿರದ ಹೆಂಗಸು ನಾನು. ಡ್ರಾಯಿಂಗು ನೋಡುವವಳು ಬೇಕು ಎಂದು ನರಸೀಪುರದಲ್ಲಿ ಯಾರು ಕರೆಯುತ್ತಾರೆ? ಕೆಲಸ ಹೋದರೆ ಹೋಗಲಿ ಎಂದು ಬಾಯಲ್ಲಿ ಅನ್ನಬಹುದು, ಆದರೆ ನನಗೆ ಆ ಕೆಲಸ ಇಷ್ಟ. ಆ ಹಳದಿ ಕಾಗದಗಳು ನನಗೆ ಇಷ್ಟ. ಅದನ್ನು ಬಿಟ್ಟು ನಾನು ಬೇರೇನೂ ಅಲ್ಲ ಎನ್ನಿಸಿತು.

ನನ್ನ ಗಂಡ ಕರೆಂಟಿನ ಲೈನ್‌ಮನ್. ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಸಮಾಧಾನ ಮಾಡಿಕೋ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮುದ್ದೆ ಮುರಿಯುತ್ತಾ, "ಲೈನ್ ಆಫ್ ಮಾಡಿವ್ನಿ ಅಂತ ಯಾರಾರ ಫೋನಲ್ಲಿ ಅಂದ್ರೆ ನಾನು ಕಂಬ ಅತ್ತೀನಾ? ಟೆಸ್ಟ್ ಮಾಡ್ಕೊಂಡೇ ಅತ್ತದು. ಬನ್ನೂರಿಗೆ ನಾಳೆ ಬೆಳಗ್ಗೆ ಓಗಿ ಹೇಳ್ಬುಟ್ ಬಾ" ಎಂದರು. ಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಬೆಳಿಗ್ಗೆ ಬನ್ನೂರಿನ ಬಸ್ಸು ಹತ್ತಿದೆ. ಮೇಸ್ತ್ರಿಗೆ ಫೋನ್ ಮಾಡಿದ್ದೆ, ಅವರೂ ಕೆಲಸ ಬಿಟ್ಟು ಬಂದರು. ಊರಾಚೆ, ಗದ್ದೆ ಬಯಲಿನ ಅಂಚಿನಲ್ಲಿ ಗಿರಣಿ. ಸಣ್ಣದು, ಇನ್ನೂ ಹಮಾಲಿಗಳು ಮೂಟೆ ಹೊತ್ತು ಹತ್ತಿಯೇ ಹಾಪರಿಗೆ ಸುರಿಯಬೇಕು. ನಮ್ಮ ಮೆಟ್ಟಿಲು ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಪುಣ್ಯಕ್ಕೆ ಭತ್ತ ಆಗತಾನೆ ಬರುತ್ತಿತ್ತು, ಹಮಾಲಿಗಳು ಟ್ರ್ಯಾಕ್ಟರಿನಿಂದ ಮೂಟೆ ಇಳಿಸುತ್ತಿದ್ದರು.

ಗಿರಣಿಯ ಮಾಲೀಕರಿಗೆ ಕಡ್ಡಿ ಮುರಿದಂತೆ ಹೇಳಿದೆ. "ಈ ಮೆಟ್ಟಿಲನ್ನ ನಾನು ಚೆಕ್ ಮಾಡಿಲ್ಲ. ಡ್ರಾಯಿಂಗಲ್ಲಿ ನನ್ನ ಅಕ್ಷರ ಅದೆ, ಅದು ಸುಳ್ಳು. ಕೊನೆ ಹೆಜ್ಜೆ ತಪ್ಪಾಗಿ ಅದೆ. ಸರಿ ಮಾಡಿಕೊಡೋವರ್ಗೂ ಯಾರನ್ನೂ ಅತ್ತಿಸಬೇಡಿ."

ಅವರು ಮಾತಾಡುವಷ್ಟರಲ್ಲಿ ಯಜಮಾನರ ಕಾರು ಬಂತು, ಜೊತೆಗೆ ಅಳಿಯಂದಿರೂ ಇದ್ದರು. ನಾನು ಬನ್ನೂರಿಗೆ ಹೋಗಿದ್ದೇನೆಂದು ಶೆಡ್ಡಿನಲ್ಲಿ ಯಾರೋ ಹೇಳಿರಬೇಕು. ಯಜಮಾನರು ಇಳಿದವರೇ ನನ್ನ ಕಡೆ ನೋಡದೆ ಗಿರಣಿಯವರಿಗೆ ಕೈ ಮುಗಿದರು. "ಏನಿಲ್ಲ ಸ್ವಾಮಿ, ನಮ್ಮ ಹೆಣ್ಣುಮಗಳು ಸ್ವಲ್ಪ ಜಾಸ್ತೀನೆ ಹೆದರ್ತಾಳೆ. ಮೆಟ್ಲು ಗಟ್ಟಿಯಾಗಿ ಅದೆ, ಆನೆ ಬೇಕಾದ್ರೂ ಹತ್ತಬಹುದು."

"ಆನೆ ಮೂಟೆ ಒರಲ್ಲ ಸಾ" ಎಂದೆ. "ಒಂದು ಮೂಟೆ ಒತ್ತು ಅತ್ತಿ ತೋರ್ಸಿ. ಎಡವದೇ ಇದ್ರೆ ಈಗ್ಲೇ ನಿಮ್ ಕಾಲಿಗೆ ಬಿದ್ದು ಓಯ್ತೀನಿ."

ಹಮಾಲಿಗಳು ಕೆಲಸ ನಿಲ್ಲಿಸಿದರು. ಯಜಮಾನರ ಮುಖ ಕೆಂಪಾಯಿತು. ಅಷ್ಟರಲ್ಲಿ ಅಳಿಯಂದಿರು ಶರ್ಟಿನ ತೋಳು ಮಡಚಿದರು. "ನಾನು ಹತ್ತುತ್ತೀನಿ ಮಾವ. ಮ್ಯಾಕ್ರೋ ನನ್ನದು."

ಭತ್ತದ ಮೂಟೆ ಅವರಿಗೆ ಆಗುವುದಿಲ್ಲ ಎಂದು ತೌಡಿನ ಚೀಲವೊಂದನ್ನು ಹೊರಿಸಿದರು. ಮೇಸ್ತ್ರಿ ಹಿಂದೆಯೇ ಹತ್ತಿದರು, ಎರಡೂ ಕೈ ಮುಂದೆ ಚಾಚಿಕೊಂಡು. ಅಳಿಯಂದಿರು ಮೊದಲು ತಡವರಿಸಿ, ಆಮೇಲೆ ಕಾಲಿಗೆ ಲೆಕ್ಕ ಸಿಕ್ಕಿ ಲಯವಾಗಿ ಏರಿದರು. ಕೆಳಗಿದ್ದವರೊಬ್ಬರು ಸಿಳ್ಳೆ ಹಾಕಿದರು. ಕೊನೆಯ ಹೆಜ್ಜೆಗೆ ಕಾಲಿಟ್ಟರು, ಬೆರಳು ಅಟ್ಟಣಿಗೆಯ ಅಂಚಿಗೆ ಬಡಿಯಿತು. ಚೀಲ ಕೈಬಿಟ್ಟು ಹಾರಿ ಕೆಳಗೆ ಬಿದ್ದು ಒಡೆಯಿತು. ಅವರು ಹಿಡಿಕಂಬಿಗೆ ಜೋತುಬಿದ್ದರು, ಮೇಸ್ತ್ರಿ ಸೊಂಟಕ್ಕೆ ಕೈ ಕೊಟ್ಟು ತಡೆದರು. ಆ ಕೊನೆಯ ಹೆಜ್ಜೆ ತಪ್ಪಿದೆ ಎಂದು ಗೊತ್ತಿದ್ದೇ ಹತ್ತಿದವರು ಅವರು. ಗೊತ್ತಿದ್ದೂ ಕಾಲು ಮೋಸ ಹೋಯಿತು.

ಯಾರೂ ನಗಲಿಲ್ಲ. ತೌಡಿನ ಧೂಳು ಯಜಮಾನರ ಬಿಳಿ ಪಂಚೆಯ ಮೇಲೆಲ್ಲ ಕೂತಿತ್ತು. ಅವರು ಅದನ್ನು ಒದರಿಕೊಳ್ಳಲೂ ಇಲ್ಲ, ಅಳಿಯ ಇಳಿದು ಬರುವವರೆಗೆ ಮೆಟ್ಟಿಲನ್ನೇ ನೋಡುತ್ತಾ ನಿಂತಿದ್ದರು. ಮಗಳ ಮುಖ ನೆನಪಿಗೆ ಬಂದಿರಬೇಕು. ಅಳಿಯಂದಿರ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವರು ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬಂದು, "ಕೆಂಪು ಹಾಕಿಬಿಡಿ ಮೇಡಂ" ಎಂದರು.

ಮೇಸ್ತ್ರಿ ಅವತ್ತೇ ಶೆಡ್ಡಿನಿಂದ ಬೆಸುಗೆ ಯಂತ್ರ ತರಿಸಿ, ಕಾಲಿಡುವ ತಗಡುಗಳನ್ನೆಲ್ಲ ಬಿಡಿಸಿ, ಉಳಿಕೆಯನ್ನು ಎಲ್ಲ ಮೆಟ್ಟಿಲಿಗೂ ಸಮನಾಗಿ ಹಂಚಿ, ಮತ್ತೆ ಬೆಸೆದರು. ನಾನು ಟೇಪು ಹಿಡಿದು ಪ್ರತಿಯೊಂದನ್ನೂ ಅಳೆದೆ. ಕೊನೆಗೆ ಬರಿಗೈಯಲ್ಲಿ ಒಂದು ಸಲ, ಕಣ್ಣು ಮುಚ್ಚಿಕೊಂಡು ಒಂದು ಸಲ ಹತ್ತಿದೆ. ಹಮಾಲಿಗಳು ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು. ಅಂದುಕೊಳ್ಳಲಿ.

ವಾಪಸ್ಸು ಬರುವಾಗ ಯಜಮಾನರು ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡರು. ನರಸೀಪುರದ ಸೇತುವೆ ಹತ್ತಿರ ಕಾರು ನಿಧಾನ ಮಾಡಿದರು. ಆಮೇಲೆ, "ನಾಳೆಯಿಂದ ಬಾರವ್ವ" ಎಂದರು.

"ಸುಮ್ನೆ ಬರಲ್ಲ ಸಾ" ಎಂದೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಇಷ್ಟಾದ ಮೇಲೂ ಇವಳು ಷರತ್ತು ಹಾಕುತ್ತಾಳಲ್ಲ ಎನ್ನುವ ನೋಟ. ಹಾಕಿದೆ. ನನ್ನ ಅಕ್ಷರ ತುಂಬುವ ಸಾಲು ಯಾವ ಮ್ಯಾಕ್ರೋದಲ್ಲೂ ಇರಬಾರದು. ಅಷ್ಟೇ ಅಲ್ಲ, ನಡುವಿನ ಮನೆ ಖಾಲಿ ಇದ್ದರೆ ಡ್ರಾಯಿಂಗು ಶೆಡ್ಡಿಗೆ ಪ್ರಿಂಟೇ ಆಗಬಾರದು, ನಾನು ಹಳದಿ ಎಳೆದು ನೋಡುವ ಕಾಗದ ಮಾತ್ರ ಬರಬೇಕು.

"ಸಿಸ್ಟಮ್ ಚೆಕ್ಡ್ ಅಂತ ಹಾಕಿಸಿಬಿಡೋಣ. ಯಾರ ಹೆಸರೂ ಬೇಡ" ಎಂದರು ಯಜಮಾನರು.

"ಬಿದ್ದೋರು ಸಿಸ್ಟಮ್ಮನ್ನ ಎಲ್ಲಿ ಓಗಿ ಕೇಳ್ಬೇಕು ಸಾ? ಯಾರದಾದ್ರೂ ಆಕಿ, ನಿಮ್ದು ಆಕಿ, ಬೇಡ ಅನ್ನಲ್ಲ. ಆದ್ರೆ ನೋಡಿದೋರ್ದು ಆಕಿ. ಕೈಯಾರೆ ಟೈಪ್ ಮಾಡಿ ಆಕಿ."

ಅವರು ನನ್ನನ್ನು ನಮ್ಮ ಬೀದಿಯ ತಿರುವಿನಲ್ಲಿ ಇಳಿಸಿ ಹೋದರು. ಮಾರನೆಯ ದಿನ ಆಫೀಸಿಗೆ ಹೋದಾಗ ಅಳಿಯಂದಿರು ತಮ್ಮ ಕುರ್ಚಿಯಿಂದ ಎದ್ದು ಕೀಬೋರ್ಡನ್ನು ನನ್ನ ಕಡೆಗೆ ತಿರುಗಿಸಿದರು. ಮನೆ ಖಾಲಿ ಇದ್ದರೆ ನಿಲ್ಲು ಎನ್ನುವ ಸಾಲನ್ನು ನಾನೇ ಬರೆದೆ. ಎಐಯನ್ನು ಕೇಳಲಿಲ್ಲ, ಎರಡು ಕಡೆ ತಪ್ಪು ಮಾಡಿ ತಿದ್ದಿಕೊಂಡೆ. ನನ್ನ ಸಾಲನ್ನು ಅಳಿಯಂದಿರು ಕಾಗದಕ್ಕೆ ಇಳಿಸಿ, ಪರೀಕ್ಷಿಸಿ, ಹಳದಿ ಎಳೆದರು. ನಾನು ಬರೆದದ್ದನ್ನು ನಾನೇ ನೋಡಬಾರದಲ್ಲ.

ಕೆಲಸ ನಿಧಾನವಾಯಿತು, ನಿಜ. ಒಂದೆರಡು ಗಿರಣಿಯವರು ಬೇರೆ ಕಡೆ ಹೋದರು, ಅದೂ ನಿಜ. ಯಜಮಾನರು ಎರಡು ವಾರ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ, ಕಾಫಿ ಬಂದರೆ ನನ್ನ ಮೇಜು ದಾಟಿ ಹೋಗುತ್ತಿತ್ತು. ನಾನು ಫ್ಲಾಸ್ಕಿನಲ್ಲಿ ಮನೆಯಿಂದ ತಂದುಕೊಂಡೆ.

ಮೊನ್ನೆ ಭಾನುವಾರ ರಜೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಯಜಮಾನರ ಫೋನು ಬಂತು.

"ಅಮ್ಮಾ, ಇಲ್ಲಿ ಹುಡುಗ್ರು ಬರ್ದಿರೋ ಡ್ರಾಯಿಂಗ್ ಪ್ರಿಂಟ್ ಬರ್ತಾ ಇಲ್ಲ ಕಣವ್ವ. ಲಾರಿ ನಿಂತದೆ, ಶೆಡ್ಡಲ್ಲಿ ಎಲ್ಲ ಕಾಯ್ತಾ ಅವ್ರೆ. ಏನೋ ಮಾಡಿದ್ದೀಯಲ್ಲ ನೀನು, ಅದನ್ನ ದಾಟೋದು ಹೇಗೆ ಹೇಳು."

"ನಡುವಿನ ಮನೆ ಖಾಲಿ ಅದೆಯಾ ಸಾ?"

"ಖಾಲಿ ಅದೆ."

"ಅಳಿಯಂದಿರು ಅಲ್ಲೇ ಅವ್ರಲ್ಲ. ಅವ್ರ ಅಕ್ಷರ ಆಕ್ಲಿ, ಪ್ರಿಂಟ್ ಬತ್ತದೆ."

ಯಜಮಾನರು ದನಿ ತಗ್ಗಿಸಿ, ಹಲ್ಲು ಕಚ್ಚಿಕೊಂಡು ಹೇಳಿದರು: "ಹಾಕಲ್ಲ ಅಂತ ಕೂತವ್ರೆ ಕಣವ್ವ. ಇನ್ನೂ ನೋಡಿಲ್ವಂತೆ."

ಅವರೆಕಾಳಿನ ತಟ್ಟೆ ಕೆಳಗಿಟ್ಟೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಫೋನಿಗೆ ಕೇಳಿಸದ ಹಾಗೆ ನುಂಗಿಕೊಂಡೆ.

"ನೋಡ್ಲಿ ಬುಡಿ ಸಾ" ಎಂದೆ. "ಹಳದಿ ಪೆನ್ನು ನನ್ನ ಮೇಲಿನ ಡ್ರಾಯರಲ್ಲಿ ಅದೆ."